ಲೆಕ್ಕದ ಹಾಳೆಯ ಮೇಲೆ ಬೈಸನ್ ಬೇಟೆ

ಅಂಗಡಿಯಲ್ಲಿ ಜಮಾ-ಖರ್ಚು ಬರೆಯುವ ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ಕಣ್ಮುಂದೆ ತಂದುಕೊಳ್ಳಿ. ಹಾಳೆಯ ತುಂಬ ತೆಳುವಾದ ನೀಲಿ ಗೆರೆಗಳು, ರೂಪಾಯಿ-ಪೈಸೆಯ ಜಾಗದಲ್ಲಿ ಅಡ್ಡಗೆರೆಗಳನ್ನು ಕತ್ತರಿಸಿ ಇಳಿಯುವ ಕೆಂಪು ಗೆರೆಗಳು. ಆ ಪುಸ್ತಕವನ್ನು ಅಡ್ಡ ತಿರುಗಿಸಿ ಇಟ್ಟುಕೊಂಡರೆ ಬರವಣಿಗೆಗೆಂದು ಹಾಕಿದ ಗೆರೆಗಳು ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ, ಹಾಳೆ ಅಗಲವಾದ ಬಯಲಿನಂತೆ ತೆರೆದುಕೊಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಉತ್ತರ ಅಮೆರಿಕದ ಹುಲ್ಲುಗಾವಲಿನ ಮೂಲನಿವಾಸಿಗಳಾದ ಶೈಯೆನ್ ಜನಾಂಗದ ಯೋಧರು ಇಂಥ ಪುಸ್ತಕಗಳನ್ನು ಹೀಗೆ ತಿರುಗಿಸಿಕೊಂಡು, ಪೆನ್ಸಿಲ್, ಶಾಯಿ, ಕ್ರೇಯಾನ್ ಮತ್ತು ಜಲವರ್ಣಗಳಲ್ಲಿ ತಮ್ಮ ಕುದುರೆಗಳನ್ನು, ಕಾಳಗಗಳನ್ನು, ಪ್ರಣಯವನ್ನು, ಬೇಟೆಯನ್ನು ಬರೆದರು. ಪುಸ್ತಕ ಅವರ ಕೈಗೆ ಬಂದದ್ದು ವ್ಯಾಪಾರಿಗಳಿಂದ, ಸೈನಿಕರಿಂದ, ಸರ್ಕಾರದ ಏಜೆಂಟರಿಂದ. ಕೆಲವು ವಿನಿಮಯದಲ್ಲಿ, ಕೆಲವು ಉಡುಗೊರೆಯಾಗಿ, ಕೆಲವು ದಾಳಿಯಲ್ಲಿ. ಹಾಗಾಗಿ ಯಾರೋ ಗುಮಾಸ್ತ ಬರೆದಿಟ್ಟ ಲೆಕ್ಕದ ಮೇಲೆಯೇ ಕುದುರೆಯೊಂದು ಓಡುವುದನ್ನು ಕೆಲವು ಹಾಳೆಗಳಲ್ಲಿ ಕಾಣಬಹುದು. ಈ ಚಿತ್ರಗಳಲ್ಲಿ ಇಂದು ನಾನು ಬೇಟೆಯ ಚಿತ್ರಗಳನ್ನು ಮಾತ್ರ ಆರಿಸಿಕೊಂಡಿದ್ದೇನೆ, ಅದರಲ್ಲಿಯೂ ಬೈಸನ್ ಬೇಟೆಯನ್ನು.

ಪ್ರಾಣಿಯ ಹೆಸರಿನ ಬಗ್ಗೆ ಮೊದಲೇ ಒಂದು ಮಾತು ಹೇಳಬೇಕು. ಅಮೆರಿಕದ ಜನ ಬಹುಕಾಲದಿಂದ ಈ ಪ್ರಾಣಿಯನ್ನು ಬಫೆಲೊ ಎಂದೇ ಕರೆಯುತ್ತ ಬಂದಿದ್ದಾರೆ. ಅದನ್ನು ನಾವು ಎಮ್ಮೆ ಅಥವಾ ಕೋಣ ಎಂದು ಕನ್ನಡಿಸಿದರೆ, ಕೆರೆಯಲ್ಲಿ ಮೈಚಾಚಿ ಮಲಗಿರುವ ಬೇರೊಂದು ಪ್ರಾಣಿ ಮನಸ್ಸಿಗೆ ಬರುತ್ತದೆ. ಬೈಸನ್ ಎಂದರೂ ತೊಡಕು ತಪ್ಪುವುದಿಲ್ಲ, ಏಕೆಂದರೆ ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ರಾತ್ರಿ ಕಾಣಿಸಿಕೊಳ್ಳುವ ಕಾಟಿಯನ್ನೂ ನಾವು ಬೈಸನ್ ಎಂದೇ ಕರೆಯುತ್ತೇವೆ. ಕಾಟಿ ನುಣುಪು ಮೈಯ, ಕಾಡಿನ ನೆರಳಿನ ಪ್ರಾಣಿ. ಅಮೆರಿಕದ ಬೈಸನ್ ಬಯಲಿನದು: ತಲೆ, ಕೊರಳು, ಮುಂಗಾಲುಗಳಲ್ಲಿ ದಟ್ಟವಾದ ಜಡೆಗೂದಲು, ಭುಜದ ಮೇಲೆ ಎತ್ತರದ ಹಿಣಿಲು, ಹಿಂಭಾಗ ಮಾತ್ರ ಸಣಕಲು. ಬಲಿತ ಹೋರಿ 900 ಕಿಲೋದಷ್ಟು ತೂಗಬಲ್ಲದು. ಅಷ್ಟು ತೂಕವನ್ನು ಹೊತ್ತುಕೊಂಡೇ ಗಂಟೆಗೆ 50 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಓಡಬಲ್ಲದು. ಶೈಯೆನ್ ಚಿತ್ರಕಾರನಿಗೆ ಈ ದೇಹ ಎಷ್ಟು ಪರಿಚಿತವೆಂದರೆ, ಹಿಣಿಲಿನಿಂದ ಬಾಲದವರೆಗೆ ಇಳಿಯುವ ಒಂದೇ ಬಾಗುಗೆರೆಯಲ್ಲಿ ಅವನು ಪ್ರಾಣಿಯನ್ನು ಹಾಳೆಯ ಮೇಲೆ ನಿಲ್ಲಿಸಿಬಿಡುತ್ತಾನೆ.

ಕಾಗದ ಬರುವ ಮೊದಲೂ ಈ ಜನ ಚಿತ್ರ ಬರೆಯುತ್ತಿದ್ದರು. ಹದಮಾಡಿದ ಬೈಸನ್ ಚರ್ಮದ ಹೊದಿಕೆಗಳ ಮೇಲೆ, ಗುಡಾರದ ಒಳಪರದೆಗಳ ಮೇಲೆ, ಮೂಳೆಯ ಸರಂಧ್ರವಾದ ತುಂಡನ್ನೇ ಕುಂಚ ಮಾಡಿಕೊಂಡು ಮೊದಲು ಹೊರಗೆರೆ ಎಳೆದು ಆಮೇಲೆ ಒಳಗೆ ಬಣ್ಣ ತುಂಬುತ್ತಿದ್ದರು. ಹೀಗೆ ಮನುಷ್ಯರನ್ನೂ ಪ್ರಾಣಿಗಳನ್ನೂ ಚಿತ್ರಿಸುವುದು ಗಂಡಸರ ಕೆಲಸವಾಗಿತ್ತು. ಹೆಂಗಸರು ಚರ್ಮದ ಚೀಲಗಳ ಮೇಲೆ, ಹೊದಿಕೆಗಳ ಮೇಲೆ ರೇಖಾಕೃತಿಗಳ ವಿನ್ಯಾಸಗಳನ್ನು ಬರೆಯುತ್ತಿದ್ದರು. ಗಂಡಸರ ಚಿತ್ರಗಳ ಮುಖ್ಯ ವಸ್ತು ಯುದ್ಧ. ಶತ್ರುವನ್ನು ಯಾರು ಮೊದಲು ಮುಟ್ಟಿದರು, ಯಾರ ಕುದುರೆಯನ್ನು ಯಾರು ತಂದರು ಎಂಬುದು ಸಭೆಯಲ್ಲಿ ಸಾಕ್ಷಿಗಳ ಎದುರಿಗೆ ಹೇಳಿಕೊಳ್ಳುವ ವಿಷಯ. ಚಿತ್ರ ಆ ಹೇಳಿಕೆಯ ದಾಖಲೆ. ಅದರಲ್ಲಿ ಸುಳ್ಳು ಬರೆದರೆ ಎದ್ದು ನಿಂತು ಪ್ರಶ್ನಿಸುವವರು ಇರುತ್ತಿದ್ದರು. 1869ರ ಜುಲೈ 11ರಂದು ಕೊಲೊರಾಡೊದ ಸಮಿಟ್ ಸ್ಪ್ರಿಂಗ್ಸ್‌ನಲ್ಲಿ ಅಮೆರಿಕದ ಸೈನ್ಯ ಶೈಯೆನ್ ಬಿಡಾರವೊಂದನ್ನು ಸುಟ್ಟಾಗ ಸಿಕ್ಕ ಪುಸ್ತಕ ಇಂಥದ್ದು. ಡಾಗ್ ಸೋಲ್ಜರ್ ಎಂಬ ಯೋಧ ಬಳಗದವರ ಆ ಹಾಳೆಗಳ ತುಂಬ ಕಾಳಗವೇ ಇದೆ.

ಬೇಟೆಗೆ ಹೀಗೆ ಸಾಕ್ಷಿ ಬೇಕಿರಲಿಲ್ಲ. ಬೈಸನ್ ಹೊಡೆದು ತರುವುದು ಪ್ರತಿಯೊಬ್ಬ ಗಂಡಸೂ ಮಾಡಬೇಕಾದ, ಪ್ರತಿಯೊಬ್ಬರೂ ನೋಡುತ್ತಿದ್ದ ಕೆಲಸ. ನಾವು ದಿನವೂ ಉಣ್ಣುವ ಅನ್ನವನ್ನು ದಾಖಲಿಸಿಡುವುದಿಲ್ಲವಲ್ಲ, ಹಾಗೆ. ಆದ್ದರಿಂದಲೇ ಹಳೆಯ ಚಿತ್ರಗಳಲ್ಲಿ ಬೇಟೆ ವಿರಳ. ಅದು ಹಾಳೆಯ ಮೇಲೆ ಹಿಂಡುಹಿಂಡಾಗಿ ಬಂದದ್ದು, ಬೇಟೆಯಾಡಲು ಸಾಧ್ಯವೇ ಇಲ್ಲದ ಜಾಗದಲ್ಲಿ, ಸಮುದ್ರದಂಡೆಯ ಒಂದು ಕೋಟೆಯೊಳಗೆ. ಈ ಸಂಗತಿಯನ್ನು ಬಿಟ್ಟು ಈ ಚಿತ್ರಗಳನ್ನು ಓದಲಾಗದು ಎಂಬುದು ನನ್ನ ನಂಬಿಕೆ.

ಆ ಕೋಟೆಯ ಕತೆಯನ್ನು ಚಿಕ್ಕದಾಗಿ ಹೇಳುತ್ತೇನೆ. 1874-75ರಲ್ಲಿ ದಕ್ಷಿಣದ ಬಯಲಿನಲ್ಲಿ ಶೈಯೆನ್, ಕಯೊವಾ, ಕೊಮಾಂಚಿ ಮತ್ತು ಅರಾಪಹೊ ಜನರಿಗೂ ಅಮೆರಿಕದ ಸೈನ್ಯಕ್ಕೂ ಕಾದಾಟ ನಡೆಯಿತು; ಇತಿಹಾಸಕಾರರು ಅದನ್ನು ರೆಡ್ ರಿವರ್ ಯುದ್ಧ ಎನ್ನುತ್ತಾರೆ. ಹಸಿದು ಶರಣಾದವರಲ್ಲಿ ಕೆಲವರನ್ನು ಆರಿಸಿ ದೂರಕ್ಕೆ ಕಳಿಸಲು ಸರ್ಕಾರ ನಿರ್ಧರಿಸಿತು. ವಿಚಾರಣೆ ನಡೆಯಲಿಲ್ಲ. ಶೈಯೆನ್ ಜನರ ನಡುವಿನಿಂದ ಕೈದಿಗಳನ್ನು ಆರಿಸುತ್ತಿದ್ದ ಅಧಿಕಾರಿ, ಕತ್ತಲಾಗುತ್ತ ಬಂದಾಗ, ಸಾಲಿನಲ್ಲಿ ನಿಂತವರ ಬಲತುದಿಯಿಂದ 18 ಮಂದಿಯನ್ನು ಹಾಗೆಯೇ ಕತ್ತರಿಸಿ ತೆಗೆದು ಪಟ್ಟಿ ತುಂಬಿಸಿದ. ಹೀಗೆ ಸೇರಿದ 72 ಕೈದಿಗಳನ್ನು ಸಂಕೋಲೆ ಹಾಕಿ ರೈಲಿನಲ್ಲಿ, ಹಡಗಿನಲ್ಲಿ ಸಾಗಿಸಿ 1875ರ ಮೇ 21ರಂದು ಫ್ಲಾರಿಡಾದ ಸೇಂಟ್ ಅಗಸ್ಟೀನ್ ಊರಿಗೆ ತಂದರು. ಅವರಲ್ಲಿ 33 ಮಂದಿ ಶೈಯೆನ್ನರು. ಸ್ಪೇನಿನವರು ಹದಿನೇಳನೆಯ ಶತಮಾನದಲ್ಲಿ ಕಪ್ಪೆಚಿಪ್ಪಿನ ಕಲ್ಲಿನಿಂದ ಕಟ್ಟಿದ ಹಳೆಯ ಕೋಟೆ ಅಲ್ಲಿತ್ತು. ಆಗ ಅದರ ಹೆಸರು ಫೋರ್ಟ್ ಮೇರಿಯನ್. ಮೇಲ್ವಿಚಾರಕನಾದ ಲೆಫ್ಟಿನೆಂಟ್ ರಿಚರ್ಡ್ ಹೆನ್ರಿ ಪ್ರ್ಯಾಟ್ ಕೈದಿಗಳ ಕೂದಲು ಕತ್ತರಿಸಿದ, ಸೈನ್ಯದ ಸಮವಸ್ತ್ರ ತೊಡಿಸಿದ, ಇಂಗ್ಲಿಷ್ ಕಲಿಸಲು ಊರಿನ ಮಹಿಳೆಯರನ್ನು ಕರೆತಂದ. ಜೊತೆಗೆ ಚಿತ್ರ ಬರೆಯಲು ಖಾಲಿ ಪುಸ್ತಕಗಳನ್ನೂ ಬಣ್ಣದ ಪೆನ್ಸಿಲ್‌ಗಳನ್ನೂ ಒದಗಿಸಿದ. ಚಳಿಗಾಲ ಕಳೆಯಲು ಉತ್ತರದಿಂದ ಬರುತ್ತಿದ್ದ ಪ್ರವಾಸಿಗರು ಆ ಪುಸ್ತಕಗಳನ್ನು ಕೊಂಡರು. ಒಂದಕ್ಕೆ ಸಾಮಾನ್ಯವಾಗಿ ಎರಡು ಡಾಲರ್. ಹಾಗೆ ಬರೆದವರಲ್ಲಿ ಹೌಲಿಂಗ್ ವುಲ್ಫ್, ಮೇಕಿಂಗ್ ಮೆಡಿಸಿನ್, ಬೇರ್ಸ್ ಹಾರ್ಟ್, ಕೊಹೊ, ಸ್ಕ್ವಿಂಟ್ ಐಸ್ ಎಂಬ ಹೆಸರುಗಳಿಂದ ದಾಖಲೆಗಳಲ್ಲಿರುವ ಶೈಯೆನ್ ತರುಣರು ಮುಖ್ಯರು.

ಈಗ ಬೇಟೆಯ ಚಿತ್ರಕ್ಕೆ ಬರೋಣ. ಇಂಥ ಹಾಳೆಯಲ್ಲಿ ನೆಲದ ಗೆರೆ ಇರುವುದು ಕಡಿಮೆ. ಬಣ್ಣದಲ್ಲಿ ನೆರಳು-ಬೆಳಕಿನ ಆಟವಿಲ್ಲ. ಒಂದು ಕುದುರೆ, ಒಬ್ಬ ಸವಾರ, ಒಂದು ಬೈಸನ್. ಅವಸರದಲ್ಲಿ ನೋಡುವವರು ಇದನ್ನು ಮಕ್ಕಳ ಚಿತ್ರದಂತಿದೆ ಎಂದು ಮುಂದೆ ಹೋಗುತ್ತಾರೆ. ದಯವಿಟ್ಟು ಹಾಗೆ ಹೋಗಬೇಡಿ. ಮೊದಲು ಕುದುರೆಯ ಬಾಲವನ್ನು ನೋಡಿ. ಯುದ್ಧಕ್ಕೆ ಹೊರಟ ಕುದುರೆಯ ಬಾಲವನ್ನು ಗಂಟುಹಾಕಿ ಬಟ್ಟೆಯಿಂದಲೋ ಗರಿಯಿಂದಲೋ ಕಟ್ಟುವುದು ರೂಢಿ, ಚಿತ್ರಕಾರ ಅದನ್ನು ಮರೆಯುವುದಿಲ್ಲ. ಬಾಲ ಬಿಡಿಯಾಗಿ ಹಾರುತ್ತಿದ್ದರೆ ಇವನು ಕಾದಲು ಹೊರಟವನಲ್ಲ. ಆಮೇಲೆ ಕುದುರೆಯ ಬಣ್ಣ. ಅದು ಯಾವುದೋ ಒಂದು ಕುದುರೆಯಲ್ಲ. ಬೈಸನ್ ಬೆನ್ನಟ್ಟಲೆಂದೇ ಪಳಗಿಸಿದ ಕುದುರೆಯನ್ನು ಸಾಮಾನು ಹೊರಿಸಲು, ಪ್ರಯಾಣಕ್ಕೆ ಬಳಸುತ್ತಿರಲಿಲ್ಲ, ರಾತ್ರಿ ಅದನ್ನು ಗುಡಾರದ ಬಾಗಿಲ ಬಳಿಯಲ್ಲಿಯೇ ಕಟ್ಟುತ್ತಿದ್ದರು. ಅಂಥ ಕುದುರೆಯನ್ನು ಬಿಡಾರದವರೆಲ್ಲ ಗುರುತಿಸುತ್ತಿದ್ದರು. ಮಚ್ಚೆ, ಕಿವಿ, ಗೊರಸು ಸಮೇತ ಚಿತ್ರಕಾರ ಅದನ್ನು ಗುರುತು ಸಿಗುವಂತೆ ಬರೆಯುತ್ತಾನೆ.

ಇನ್ನು ಸವಾರ ಯಾವ ಮಗ್ಗುಲಲ್ಲಿ ಇದ್ದಾನೆ ಎಂಬುದು. ಬಲಗೈ ಬಳಕೆಯ ಬಿಲ್ಲುಗಾರ ಬಿಲ್ಲನ್ನು ಎಡಗೈಯಲ್ಲಿ ಹಿಡಿದು ಹೆದೆಯನ್ನು ಬಲಗೈಯಿಂದ ಎಳೆಯುತ್ತಾನೆ. ಕುದುರೆಯ ಮೇಲೆ ಕುಳಿತವನಿಗೆ ಎಡಕ್ಕೆ ಹೊಡೆಯುವುದು ಸಲೀಸು, ಬಲಕ್ಕೆ ಹೊಡೆಯಲು ಇಡೀ ಮೈಯನ್ನೇ ತಿರುಚಬೇಕು. ಆದ್ದರಿಂದ ಅವನು ಬೈಸನ್‌ನ ಬಲಮಗ್ಗುಲಿಗೆ ಕುದುರೆಯನ್ನು ತರುತ್ತಾನೆ. ಎರಡೂ ಕೈ ಬಿಲ್ಲಿನ ಮೇಲಿರುವುದರಿಂದ ಲಗಾಮು ಹಿಡಿಯುವವರಿಲ್ಲ. ಮೊಣಕಾಲಿನ ಒತ್ತಡವನ್ನು ಅರಿತು ಕುದುರೆಯೇ ಪ್ರಾಣಿಯ ಪಕ್ಕಕ್ಕೆ ಸರಿಯಬೇಕು, ಹೆದೆ ಮಿಡಿದ ಸದ್ದು ಕೇಳಿದೊಡನೆ ಕೊಂಬಿನ ತಿವಿತಕ್ಕೆ ಸಿಗದಂತೆ ದೂರ ಸಿಡಿಯಬೇಕು. ಶೈಯೆನ್ ಚಿತ್ರಗಳಲ್ಲಿ ಓಟ ಸಾಮಾನ್ಯವಾಗಿ ಬಲದಿಂದ ಎಡಕ್ಕೆ ಸಾಗುತ್ತದೆ. ಹಾಗೆ ಸಾಗುವಾಗ ಬೈಸನ್ ನಮಗೆ ಹತ್ತಿರದಲ್ಲಿಯೂ ಕುದುರೆ ಅದರ ಆಚೆಯಲ್ಲಿಯೂ ಬರಬೇಕು. ನೀವು ಇಂಥ ಹಾಳೆಯನ್ನು ನೋಡುವಾಗ ಈ ಒಂದು ಲೆಕ್ಕವನ್ನು ಮಾಡಿನೋಡಿ, ಚಿತ್ರಕಾರ ಯಾವುದರ ಮೇಲೆ ಯಾವುದನ್ನು ಬರೆದಿದ್ದಾನೆ ಎಂಬುದಕ್ಕೆ ಆಗ ಅರ್ಥ ಬರುತ್ತದೆ.

ಬಾಣ ನಾಟುವ ಜಾಗ ಎಲ್ಲಕ್ಕಿಂತ ಹೆಚ್ಚಿನದು. ಬೈಸನ್‌ನ ಭುಜ, ತಲೆ ಎರಡೂ ಬಾಣಕ್ಕೆ ಬಗ್ಗುವ ಜಾಗಗಳಲ್ಲ. ಕೊನೆಯ ಪಕ್ಕೆಲುಬಿನ ಹಿಂದಿನ ಮೆತ್ತನೆಯ ಭಾಗದಿಂದ ಮುಂದಕ್ಕೆ, ಓರೆಯಾಗಿ, ಎದೆಗೂಡಿನೊಳಕ್ಕೆ ಬಾಣ ಹೋಗಬೇಕು. ಅದಕ್ಕಾಗಿ ಸವಾರ ಸ್ವಲ್ಪ ಹಿಂದೆ ಉಳಿದು, ಕೈಗೆಟುಕುವಷ್ಟು ಹತ್ತಿರದಲ್ಲಿ ಬಿಲ್ಲು ಎಳೆಯಬೇಕು. ಬಿಲ್ಲು ಚಿಕ್ಕದಾಗಿರುವುದೂ ಇದೇ ಕಾರಣಕ್ಕೆ. ಚಿತ್ರದಲ್ಲಿ ಬಾಣದ ಗರಿಯ ತುದಿ ಮಾತ್ರ ಹೊರಗೆ ಕಾಣುವಂತೆ ಬರೆದಿದ್ದರೆ, ಉಳಿದದ್ದು ಒಳಗಿದೆ ಎಂದರ್ಥ. ಬಾಯಿಂದ, ಮೂಗಿನಿಂದ ಹೊರಡುವ ಕೆಂಪು ಗೆರೆಗಳನ್ನು ನೋಡಿ ಕ್ರೌರ್ಯದ ಅಲಂಕಾರವೆಂದು ಭಾವಿಸುವವರಿದ್ದಾರೆ. ಅದು ಅಲಂಕಾರವಲ್ಲ. ಬಾಯಿಯಲ್ಲಿ ರಕ್ತ ಬಂದರೆ ಪೆಟ್ಟು ಶ್ವಾಸಕೋಶಕ್ಕೆ ಬಿದ್ದಿದೆ, ಪ್ರಾಣಿ ಇನ್ನು ದೂರ ಓಡಲಾರದು, ಸವಾರ ಅದನ್ನು ಬಿಟ್ಟು ಮುಂದಿನದರ ಕಡೆಗೆ ಹೋಗಬಹುದು. ಎತ್ತಿದ ಬಾಲ, ಚಾಚಿದ ನಾಲಿಗೆ, ಕಣ್ಣಿನ ಅಂಚಿನಲ್ಲಿ ಬಿಳಿ ಕಾಣುವಂತೆ ಬಿಟ್ಟ ಒಂದು ಸಣ್ಣ ಚಂದ್ರಾಕಾರ, ಇವೆಲ್ಲ ರೊಚ್ಚಿಗೆದ್ದ ಪ್ರಾಣಿಯ ಗುರುತುಗಳು, ತಿರುಗಿ ಬೀಳಬಹುದು ಎಂಬ ಎಚ್ಚರಿಕೆ. ಕುದುರೆಯ ಕೊರಳಿನಿಂದ ಹಿಂದಕ್ಕೆ ನೆಲದ ಮೇಲೆ ಎಳೆದುಕೊಂಡು ಬರುವ ಉದ್ದನೆಯ ಹಗ್ಗವೊಂದಿದ್ದರೆ ಅದನ್ನೂ ಗಮನಿಸಿ. ಸವಾರ ಬಿದ್ದರೆ ಹಿಡಿದುಕೊಳ್ಳಲು ಬಿಟ್ಟ ಹಗ್ಗ ಅದು. ಬೀಳುವುದು ಎಷ್ಟು ಸಹಜವಾಗಿತ್ತು ಎಂಬುದನ್ನು ಆ ಒಂದು ಗೆರೆ ಹೇಳುತ್ತದೆ.

ಬಾಣದ ಬಗ್ಗೆ ಮಾತಾಡುತ್ತಿರುವುದರಿಂದ ಇನ್ನೊಂದನ್ನು ಸೇರಿಸಬೇಕು. ಬಾಣಗಳಿಗೆ ಒಡೆಯನ ಗುರುತು ಇರುತ್ತಿತ್ತು. ಬೇಟೆ ಮುಗಿದು ಬಯಲಿನ ತುಂಬ ಪ್ರಾಣಿಗಳು ಬಿದ್ದಿರುವಾಗ, ಯಾವುದನ್ನು ಯಾರು ಹೊಡೆದರೆಂದು ನಾಟಿದ ಬಾಣದಿಂದಲೇ ತಿಳಿಯುತ್ತಿತ್ತು. ಶೈಯೆನ್ನರ ಅತ್ಯಂತ ಪವಿತ್ರ ವಸ್ತುವೂ ಬಾಣಗಳೇ. ಸ್ವೀಟ್ ಮೆಡಿಸಿನ್ ಎಂಬ ಅವರ ಪ್ರವಾದಿ ತಂದುಕೊಟ್ಟನೆಂದು ನಂಬುವ ನಾಲ್ಕು ಬಾಣಗಳಲ್ಲಿ ಎರಡು ಮನುಷ್ಯರ ಮೇಲೆ, ಎರಡು ಬೈಸನ್ ಮೇಲೆ ಅಧಿಕಾರವುಳ್ಳವು. ಇಂಥ ಜನಕ್ಕೆ ಬೈಸನ್ ದೇಹದಲ್ಲಿ ನಾಟಿದ ಬಾಣವನ್ನು ಬರೆಯುವುದು ಬರಿಯ ವಿವರವಾಗಿರಲಿಲ್ಲ ಎಂದು ನಾನು ಭಾವಿಸುತ್ತೇನೆ.

ಒಬ್ಬ ಸವಾರ, ಒಂದು ಬೈಸನ್ ಇರುವ ಹಾಳೆಗಳಲ್ಲದೆ, ಫೋರ್ಟ್ ಮೇರಿಯನ್‌ನಲ್ಲಿ ಇನ್ನೊಂದು ಬಗೆಯವು ಹುಟ್ಟಿಕೊಂಡವು. ಅವುಗಳಲ್ಲಿ ಬೆಟ್ಟದ ಸಾಲು, ಹೊಳೆ, ಮರಗಳು ಬರುತ್ತವೆ. ಹಿಂಡು ಹಿಂಡಾಗಿ ಬೈಸನ್‌ಗಳು ಒಂದರ ಮೇಲೊಂದು ಬಿದ್ದಂತೆ ಓಡುತ್ತವೆ. ಹಲವು ಸವಾರರು ಹಿಂಡಿನ ಸುತ್ತ ಇರುತ್ತಾರೆ. ಹೋರಿಯ ದಪ್ಪ ಕೊಂಬು, ಹಸುವಿನ ತೆಳುವಾದ ಬಾಗಿದ ಕೊಂಬು, ಹುಟ್ಟಿದಾಗ ಕೆಂಬಣ್ಣವಿರುವ ಕರು, ಇವನ್ನು ಬೇರೆಬೇರೆಯಾಗಿ ಗುರುತಿಸಬಹುದು. ಯುದ್ಧಚಿತ್ರದಲ್ಲಿ ಒಬ್ಬನ ಹೆಸರು ಮುಖ್ಯ. ಅವನ ತಲೆಯ ಮೇಲೆ ಒಂದು ಸಣ್ಣ ಆಕೃತಿ ಬರೆದು ಗೆರೆಯಿಂದ ಜೋಡಿಸಿ ಹೆಸರು ಸೂಚಿಸುವುದುಂಟು. ಹಿಂಡುಬೇಟೆಯ ಚಿತ್ರದಲ್ಲಿ ಹಾಗಲ್ಲ, ಅಲ್ಲಿ ಇಡೀ ಬಿಡಾರವೇ ಕೆಲಸದಲ್ಲಿದೆ.

ಅದಕ್ಕೆ ಕಾರಣವೂ ಇತ್ತು. ದೊಡ್ಡ ಬೇಟೆಗೆ ಯಾರೂ ತಮ್ಮ ಮನಸ್ಸು ಬಂದಂತೆ ಹೋಗುವಂತಿರಲಿಲ್ಲ. ಒಬ್ಬ ಆತುರಪಟ್ಟು ಮುಂದೆ ಹೋಗಿ ಹಿಂಡನ್ನು ಬೆದರಿಸಿದರೆ ಎಲ್ಲರ ಚಳಿಗಾಲದ ಊಟ ಓಡಿಹೋದಂತೆ. ಆದ್ದರಿಂದ ಯೋಧ ಬಳಗಗಳಲ್ಲೊಂದಕ್ಕೆ ಬೇಟೆಯನ್ನು ಕಾಯುವ ಹೊಣೆ ಇರುತ್ತಿತ್ತು. ಶೈಯೆನ್ ಹಿರಿಯರು ಹೇಳಿ ದಾಖಲಾದ ಪ್ರಸಂಗವೊಂದಿದೆ. ಬೇಟೆಗಾರರೆಲ್ಲ ಸಾಲಾಗಿ, ಕಾವಲು ಬಳಗವನ್ನು ಮುಂದಿಟ್ಟುಕೊಂಡು ಒಂದು ದಿಬ್ಬವನ್ನು ಹತ್ತಿದಾಗ, ಕೆಳಗಿನ ಕಣಿವೆಯಲ್ಲಿ ಇಬ್ಬರು ಆಗಲೇ ಬೈಸನ್ ಹೊಡೆಯುತ್ತಿರುವುದು ಕಾಣಿಸಿತು. ಕಾವಲು ಬಳಗದವರು ಅವರ ಮೇಲೆ ನುಗ್ಗಿ, ಅವರ ಕುದುರೆಗಳನ್ನು ಕೊಂದು, ಚಾವಟಿಯಿಂದ ಹೊಡೆದು, ಬಂದೂಕುಗಳನ್ನು ಮುರಿದುಹಾಕಿದರು. ಆ ಇಬ್ಬರು ತರುಣರ ತಂದೆ ಬಂದು, ಆದದ್ದು ಸರಿಯೆಂದು ಮಕ್ಕಳಿಗೇ ಬುದ್ಧಿ ಹೇಳಿದ. ಆಗ ಶಿಕ್ಷೆ ಕೊಟ್ಟ ಬಳಗದವರೇ ಮರುಕಗೊಂಡು, ಈಗ ಇವರಿಗೆ ಕುದುರೆಯಿಲ್ಲ, ಬಂದೂಕಿಲ್ಲ, ಏನು ಮಾಡೋಣ ಎಂದು ತಮ್ಮೊಳಗೆ ಮಾತಾಡಿಕೊಂಡು, ತಮ್ಮವನ್ನೇ ಕೊಟ್ಟರು. ಹಿಂಡಿನ ಸುತ್ತ ಒಟ್ಟಿಗೆ ಓಡುವ ಸವಾರರನ್ನು ಹಾಳೆಯಲ್ಲಿ ಕಂಡಾಗಲೆಲ್ಲ ನನಗೆ ಈ ಪ್ರಸಂಗ ನೆನಪಾಗುತ್ತದೆ.

ಬೇಟೆ ಬಾಣದಲ್ಲಿ ಮುಗಿಯುವುದಿಲ್ಲ ಎಂಬುದನ್ನೂ ಈ ತರುಣರು ಬರೆದಿದ್ದಾರೆ. ಮಾಂಸ ಕುಯ್ಯುವುದು, ಕುದುರೆಯ ಮೇಲೆ ಹೇರುವುದು, ಬಿಡಾರದಲ್ಲಿ ಕಂಬಗಳ ಮೇಲೆ ತೆಳುವಾದ ಹಾಳೆಗಳಂತೆ ಒಣಹಾಕಿದ ಮಾಂಸ, ಗೂಟ ಹೊಡೆದು ನೆಲಕ್ಕೆ ಬಿಗಿದ ಚರ್ಮ. ಈ ಹೆಚ್ಚಿನ ಕೆಲಸ ಹೆಂಗಸರದು. ಚರ್ಮವನ್ನು ಹೆರೆದು, ಪ್ರಾಣಿಯ ಮೆದುಳನ್ನೇ ಹಚ್ಚಿ ತಿಕ್ಕಿ ಹದಮಾಡುವುದು ದಿನಗಟ್ಟಲೆಯ ದುಡಿಮೆ. ಯುದ್ಧದ ಪುಸ್ತಕಗಳಲ್ಲಿ ಹೆಂಗಸರ ದುಡಿಮೆಗೆ ಎಡೆಯಿರಲಿಲ್ಲ. ಸೆರೆಮನೆಯ ಪುಸ್ತಕಗಳಲ್ಲಿ ಅದು ಬಂತು. ಮನೆಯಿಂದ ದೂರವಾದವನಿಗೆ ಮನೆ ಇಡಿಯಾಗಿ ಕಾಣಿಸುತ್ತದೆ ಎಂದು ನನಗೆ ತೋರುತ್ತದೆ.

ಪ್ರವಾಸಿಗರು ಕೇಳಿದ್ದನ್ನು ಬರೆದು ಮಾರಿದರು, ಹಾಗಾಗಿ ಇವು ಮಾರಾಟದ ಸರಕು ಎಂಬ ಆಕ್ಷೇಪವಿದೆ. ಇದರಲ್ಲಿ ನಿಜದ ಅಂಶವಿದೆ. ಸೈನಿಕರನ್ನು ಕೊಲ್ಲುವ ಚಿತ್ರವನ್ನು ಸೈನ್ಯದ ಕೋಟೆಯೊಳಗೆ ಮಾರಲಾಗುತ್ತಿರಲಿಲ್ಲ, ಬೇಟೆಯನ್ನು ಮಾರಬಹುದಿತ್ತು. ಎಷ್ಟೋ ಹಾಳೆಗಳ ಕೆಳಗೆ ಬೇರೊಬ್ಬರ ಕೈಬರಹದಲ್ಲಿ ಇಂಗ್ಲಿಷ್ ಶೀರ್ಷಿಕೆಗಳೂ ಇವೆ. ಆದರೆ ಕೊಳ್ಳುವವನಿಗೆ ಬೇಕಾದದ್ದು ಒಂದು ಬೇಟೆಯ ದೃಶ್ಯ ಮಾತ್ರ. ಬಾಣ ಯಾವ ಪಕ್ಕೆಯ ಹಿಂದೆ ನಾಟಿದೆ, ಬಾಲ ಕಟ್ಟಿದೆಯೋ ಬಿಟ್ಟಿದೆಯೋ ಎಂದು ಬಾಸ್ಟನ್ನಿನಿಂದ ಬಂದ ಪ್ರವಾಸಿ ಪರೀಕ್ಷಿಸುತ್ತಿರಲಿಲ್ಲ. ಪರೀಕ್ಷಿಸುವವರು ಕೋಟೆಯ ಒಳಗಿದ್ದರು, ಪಕ್ಕದಲ್ಲಿಯೇ ಕುಳಿತು ಬರೆಯುತ್ತಿದ್ದರು. ಹೌಲಿಂಗ್ ವುಲ್ಫ್‌ನ ತಂದೆ ಈಗಲ್ ಹೆಡ್ ಕೂಡ ಅಲ್ಲಿಯೇ ಕೈದಿಯಾಗಿದ್ದ. ತಂದೆಯ ಕಣ್ಣೆದುರಿಗೆ ಮಗ ಬಾಣವನ್ನು ತಪ್ಪು ಜಾಗದಲ್ಲಿ ನಾಟಿಸಿ ಬರೆಯುವುದನ್ನು ನಾನು ಊಹಿಸಲಾರೆ.

ಅದೇ ವರ್ಷಗಳಲ್ಲಿ ಪಶ್ಚಿಮದಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಈ ಹಾಳೆಗಳ ಪಕ್ಕದಲ್ಲಿಟ್ಟು ನೋಡಬೇಕು. 1867ರ ಮೆಡಿಸಿನ್ ಲಾಡ್ಜ್ ಒಪ್ಪಂದದಲ್ಲಿ, ಬೇಟೆಯಾಡಲು ತಕ್ಕಷ್ಟು ಸಂಖ್ಯೆಯಲ್ಲಿ ಬೈಸನ್ ಇರುವವರೆಗೂ ಆರ್ಕನ್ಸಾ ನದಿಯ ದಕ್ಷಿಣದಲ್ಲಿ ಶೈಯೆನ್ನರು ಬೇಟೆಯಾಡಬಹುದು ಎಂದು ಬರೆಯಲಾಗಿತ್ತು. ಒಪ್ಪಂದ ಹಾಗೆಯೇ ಇತ್ತು, ಬೈಸನ್ ಇಲ್ಲವಾಯಿತು. 1870ರ ದಶಕದ ಆರಂಭದಲ್ಲಿ ಬೈಸನ್ ಚರ್ಮವನ್ನು ಕಾರ್ಖಾನೆಯ ಯಂತ್ರಗಳ ಪಟ್ಟಿಗೆ ಹದಮಾಡುವ ವಿಧಾನ ಬಂತು. 1872ರಲ್ಲಿ ಕ್ಯಾನ್ಸಸ್‌ನ ಡಾಜ್ ಸಿಟಿಗೆ ರೈಲು ಬಂತು. ಚರ್ಮದ ಬೇಟೆಗಾರರು ದೂರದಿಂದ ಗುಂಡು ಹೊಡೆದು, ಚರ್ಮ ಸುಲಿದು, ಮಾಂಸವನ್ನು ಬಯಲಿನಲ್ಲಿಯೇ ಕೊಳೆಯಲು ಬಿಟ್ಟರು. 1874ರ ಜೂನ್ 27ರಂದು ಟೆಕ್ಸಸ್‌ನ ಅಡೋಬಿ ವಾಲ್ಸ್‌ನಲ್ಲಿ ಕೊಮಾಂಚಿ, ಕಯೊವಾ ಮತ್ತು ಶೈಯೆನ್ ಯೋಧರು ಮೇಲೆ ಬಿದ್ದದ್ದು ಇಂಥ ಚರ್ಮದ ಬೇಟೆಗಾರರ ಬಿಡಾರದ ಮೇಲೆಯೇ. ರೆಡ್ ರಿವರ್ ಯುದ್ಧಕ್ಕೆ ನಾಂದಿಯಾದದ್ದು ಅದು. ಅಂದರೆ ಬೈಸನ್‌ಗಾಗಿ ಕಾದಿ ಸೆರೆಯಾದವರು ಸೆರೆಯಲ್ಲಿ ಕುಳಿತು ಬೈಸನ್ ಬರೆಯುತ್ತಿದ್ದರು. 1878ರಲ್ಲಿ ಅವರಿಗೆ ಬಿಡುಗಡೆಯಾಗುವ ಹೊತ್ತಿಗೆ ದಕ್ಷಿಣದ ಹಿಂಡು ಮುಗಿದುಹೋಗಿತ್ತು. ಉತ್ತರದ್ದು 1883ರ ಸುಮಾರಿಗೆ ಮುಗಿಯಿತು.

ಬಿಡುಗಡೆಯಾದವರ ದಾರಿಗಳು ಬೇರೆಬೇರೆಯಾದವು. ಮೇಕಿಂಗ್ ಮೆಡಿಸಿನ್, ಡೇವಿಡ್ ಪೆಂಡಲ್ಟನ್ ಓಕರ್‌ಹೇಟರ್ ಎಂಬ ಹೆಸರಿನಲ್ಲಿ ಕ್ರೈಸ್ತ ಧರ್ಮಸೇವಕನಾಗಿ ತನ್ನ ಜನರ ನಡುವೆ 1931ರವರೆಗೆ ಬದುಕಿದ. ಸ್ಕ್ವಿಂಟ್ ಐಸ್, ಟಿಚ್ಕೆಮಾಟ್ಸೆ ಎಂಬುದು ಅವನ ಶೈಯೆನ್ ಹೆಸರು, ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿ ಹಕ್ಕಿಗಳ ಚರ್ಮ ಸುಲಿದು ಮಾದರಿ ತಯಾರಿಸುವುದನ್ನು ಕಲಿತ. ಅವನು ಬರೆದ ಬೈಸನ್ ಬೇಟೆಯ ಚಿತ್ರ ಇಂದಿಗೂ ಆ ಸಂಸ್ಥೆಯ ಸಂಗ್ರಹದಲ್ಲಿದೆ. ಸೆರೆಗೆ ಮುಂಚೆ, ಸೆರೆಯಲ್ಲಿ ಮತ್ತು ಸೆರೆಯ ನಂತರ ಮೂರೂ ಕಾಲದಲ್ಲಿ ಬರೆದ ಚಿತ್ರಗಳು ಉಳಿದಿರುವುದು ಹೌಲಿಂಗ್ ವುಲ್ಫ್‌ನವು.

ಕೊನೆಯದಾಗಿ ಡಾಜ್ ಸಿಟಿಗೆ ಮರಳುತ್ತೇನೆ. ಫೋರ್ಟ್ ಮೇರಿಯನ್ ಕೈದಿಗಳು ಬಿಡುಗಡೆಯಾದ ವರ್ಷವೇ, 1878ರ ಸೆಪ್ಟೆಂಬರಿನಲ್ಲಿ, ದಕ್ಷಿಣಕ್ಕೆ ಬಲವಂತವಾಗಿ ತಂದಿರಿಸಿದ್ದ ಉತ್ತರದ ಶೈಯೆನ್ನರು ಹಸಿವು, ಜ್ವರ ತಾಳಲಾರದೆ ಡಲ್ ನೈಫ್ ಮತ್ತು ಲಿಟಲ್ ವುಲ್ಫ್ ನಾಯಕತ್ವದಲ್ಲಿ ತಮ್ಮ ಊರಿನ ಕಡೆಗೆ ಹೊರಟುಬಿಟ್ಟರು. ದಾರಿಯಲ್ಲಿ ಕ್ಯಾನ್ಸಸ್‌ನ ವಲಸಿಗರು ಸತ್ತರು. ಅದಕ್ಕಾಗಿ ವೈಲ್ಡ್ ಹಾಗ್ ಸೇರಿದಂತೆ ಏಳು ಮಂದಿ ಶೈಯೆನ್ನರನ್ನು 1879ರಲ್ಲಿ ಡಾಜ್ ಸಿಟಿಯ ಸೆರೆಮನೆಯಲ್ಲಿಟ್ಟರು. ಬೈಸನ್ ಚರ್ಮದ ರಾಶಿಗಳನ್ನು ರೈಲಿಗೆ ತುಂಬಿ ಬೆಳೆದ ಊರು ಅದು. ಆ ಊರಿನ ಸೆರೆಮನೆಯಲ್ಲಿ ಕುಳಿತು ಅವರೂ ಸಣ್ಣ ಪುಸ್ತಕಗಳಲ್ಲಿ ಚಿತ್ರ ಬರೆದರು. ಅಲ್ಲಿಯೂ ಬೇಟೆಯ ಚಿತ್ರಗಳು ಬಂದವು. ಅದೇ ವರ್ಷದ ಅಕ್ಟೋಬರಿನಲ್ಲಿ ಲಾರೆನ್ಸ್ ಊರಿನ ನ್ಯಾಯಾಲಯದಲ್ಲಿ ಮೊಕದ್ದಮೆ ವಜಾ ಆಗಿ ಅವರು ಹೊರಬಂದರು. ಬರೆದ ಪುಸ್ತಕಗಳು ಕ್ಯಾನ್ಸಸ್‌ನವರ ಕೈಯಲ್ಲಿ ಉಳಿದವು.